ಕಳೆಯ ಸುಳಿ

೨೦೨೪ರ ಅಕ್ಟೋಬರ್ ೧೪, ಬೆಳಿಗ್ಗೆ ೭.೧೦. ಸಾಂತಾಕ್ರೂಜ್‌ನ ಕ್ಲಬ್ಬೊಂದರ ಹುಲ್ಲುಹಾಸಿನ ಮೇಲ್ವಿಚಾರಕಿ ವಿನೋದಿನಿ ಒಂದು ಕಳೆಹುಲ್ಲಿನ ಸುಳಿಯನ್ನು ಎರಡು ಬೆರಳಲ್ಲಿ ಹಿಡಿದು ಕುಳಿತಿದ್ದಳು. ಕಳೆನಾಶಕ ಹೊಡೆದು ವಾರವಾದರೂ ಕಳೆ ಹಸಿರಾಗಿಯೇ ಇತ್ತು. ಮಾಲಿ ಮರೆಪ್ಪ ಔಷಧವನ್ನು ಮಾರಿಕೊಂಡು ಬರೀ ನೀರು ಹೊಡೆದಿದ್ದಾನೆಂದು ಅವಳ ಅನುಮಾನ. ಅದು ನಿಜವಾದರೆ ಇವತ್ತೇ ಅವನ ಕೆಲಸ ಹೋಗುತ್ತಿತ್ತು.

"ನಿಜ ಹೇಳಿ ಮರೆಪ್ಪ, ಟ್ಯಾಂಕಿಗೆ ಔಷಧ ಹಾಕಿದ್ರಾ, ಬರೀ ನಳದ ನೀರಾ?"

"ದೇವರಾಣಿ ಹಾಕೀನ್ರಿ ಮೇಡಂ. ಆದ್ರ ಒಂದು ಹುಲ್ಲು ಉಳಿಸಿ ಇನ್ನೊಂದು ಹುಲ್ಲು ಕೊಲ್ಲೂ ಔಷಧ ಅಂತೀರಿ, ಅದೇನು ಹುಲ್ಲಿನ ಆಧಾರ್ ಕಾರ್ಡ್ ನೋಡತೈತೇನ್ರಿ?"

ಅವಳು ನಗಲಿಲ್ಲ. ಸುಳಿ ಎಳೆಯಹೊರಟಾಗ ಮರೆಪ್ಪ ಕೈ ಅಡ್ಡ ಹಿಡಿದ. "ತಡೀರಿ ಮೇಡಂ, ಇನ್ನೆರಡು ದಿನ ಬಿಟ್ಟು ನೋಡ್ರಿ." ಆ ಗಾಬರಿಯಿಂದ ಅವಳ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಈ ಔಷಧ ತಗುಲಿದ ಕಳೆ ಮೇಲೆ ಹಸಿರಾಗಿದ್ದರೂ ಸುಳಿಯ ಬುಡದಲ್ಲಿ ಮೊದಲು ಕೊಳೆಯುತ್ತದೆ; ನೀರು ಮಾತ್ರ ಬಿದ್ದಿದ್ದರೆ ಸುಳಿ ಬಿಗಿಯಾಗಿ ನಿಲ್ಲುತ್ತದೆ. ಅವನ ಕೈಯನ್ನು ಪಕ್ಕಕ್ಕೆ ಸರಿಸಿ ಎಳೆದಳು.

ಸುಳಿ ಸದ್ದಿಲ್ಲದೆ ಜಾರಿ ಬಂತು. ಮರೆಪ್ಪ ಕಣ್ಣು ಮುಚ್ಚಿಕೊಂಡೇ ನಿಂತಿದ್ದ. ವಿನೋದಿನಿ ಸ್ಕೇಲ್ ತೆಗೆದು ಸುಳಿಯ ಪಕ್ಕದಲ್ಲಿಟ್ಟಳು. ಬುಡದಲ್ಲಿ ಕಂದು ಬಣ್ಣಕ್ಕೆ ತಿರುಗಿ ಕೊಳೆತ ಭಾಗ ನಾಲ್ಕು ಮಿಲಿಮೀಟರ್ ಇತ್ತು.