ಆಂಬ್ರೋಸ್‌ನ ಸರದಿ

"ಇನ್ನು ಆಂಬ್ರೋಸ್‌ನ ಸರದಿ," ಎಂದು ಕಾಟಿಪಳ್ಳದಿಂದ ನಿತ್ಯಾನಂದ ಹೇಳಿದ್ದೇ, ಹ್ಯಾಮ್ ರೇಡಿಯೋದಲ್ಲಿ ಮಾತು ನಿಂತು ಬರೀ ಗೊರಗೊರ ಸದ್ದು ಉಳಿಯಿತು. ವಿನಿಫ್ರೆಡ್ ಗಂಡ ಆಂಬ್ರೋಸ್‌ನ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು. ಭಾನುವಾರದ ಈ ಗೆಳೆಯರ ಕೂಟಕ್ಕೆ ಹೊಸ ವಿಜ್ಞಾನ ಕಾದಂಬರಿಗಳನ್ನು ಹುಡುಕಿ ಹೇಳುತ್ತಿದ್ದವನು ಅವನೇ. ಅವನು ಸತ್ತ ಮೇಲೂ ಅವರು ಅವನ ಸರದಿಯನ್ನು ಖಾಲಿ ಬಿಡುತ್ತಿದ್ದರು. ಅಷ್ಟು ಹೊತ್ತು ಅವಳಿಗೆ, ಅವನು ಪುಟ ಮಗುಚುತ್ತಿದ್ದಾನೆ, ಈಗ ಮಾತಾಡುತ್ತಾನೆ ಎನಿಸುತ್ತಿತ್ತು.

"ಎಂತ ಮಾರಾಯ್ರೆ, ಎಲ್ಲರೂ ಊಟಕ್ಕೆ ಹೋದಿರಾ?" ಎಂದಿತು ಹೊಸ ದನಿಯೊಂದು. ವಾಮಂಜೂರಿನ ಅಣ್ಣು, ಇವತ್ತೇ ಕೂಟಕ್ಕೆ ಸೇರಿದವನು.

ನಿತ್ಯಾನಂದ, "ಆಗಲಿ ಅಣ್ಣು, ಇನ್ನು ಈ ಸರದಿ ನೀವೇ ತೆಗೊಳ್ಳಿ. ಎಂತ ಓದಿದಿರಿ?" ಎಂದ.

ಸಮುದ್ರವೇ ಇಲ್ಲದ ಗ್ರಹವೊಂದರ ಕಥೆಯನ್ನು ಅಣ್ಣು ಹುರುಪಿನಿಂದ ಶುರು ಮಾಡಿದ. "ಎಲ್ಲಿ ಸಿಗ್ತದೆ ಅದು?" ಎಂದು ಇನ್ನೊಬ್ಬರು ಆಗಲೇ ವಿಚಾರಿಸಿದರು. ವಿನಿಫ್ರೆಡ್‌ಳ ಬೆರಳು ಮೈಕಿನ ಗುಂಡಿಯ ಮೇಲೆ ಹೋಗಿ ನಿಂತಿತು. ಒತ್ತಿ, ಅದು ನನ್ನ ಗಂಡನ ಸರದಿ ಎನ್ನಬಹುದಿತ್ತು. ಹಾಗಾದರೆ ನೀವು ಎಂತ ಓದಿದಿರಿ ಎಂದು ಅವರು ಕೇಳಿದರೆ, ಹೇಳಲು ಅವಳ ಬಳಿ ಒಂದು ಪುಸ್ತಕವೂ ಇರಲಿಲ್ಲ.