ಹೂಕುಂಡದ ಇರುವೆಗಳು

ಕಿಟಕಿಯ ಹೊರಗಿನ ಹೂಕುಂಡಕ್ಕೆ ಇರುವೆ ಮುತ್ತಿತ್ತು. ಬಿಳಿ ಕೋಟು ತೊಟ್ಟ ಆರೋಗ್ಯ ಕೇಂದ್ರದ ಸಿಸ್ಟರ್ ಮಣ್ಣು ಮುಟ್ಟಿ ನೋಡಿದಳು. ಅಂಟು. ಮೂಸಿದಳು. ಕಿತ್ತಳೆ ವಾಸನೆ.

ಜ್ವರದ ಔಷಧಿ.

ಅಂಗಳದ ನಾಯಿ ಬೊಗಳಲಿಲ್ಲ. ಬಾಗಿಲು ತೆರೆದ ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮಿದಳು. ಸಿಸ್ಟರ್ ಆ ಕೆಮ್ಮಿನ ಬಗ್ಗೆ ಏನೂ ಕೇಳದೆ ನೇರ ಒಳಕೋಣೆಗೆ ನಡೆದಳು.

ಸಂಜೆಯೊಳಗೆ ಜ್ವರ ಇಳಿಯದಿದ್ದರೆ ದೊಡ್ಡಾಸ್ಪತ್ರೆಗೆ ಸೇರಿಸಿ ಎಂದು ಡಾಕ್ಟರು ಹೇಳಿದ್ದರು. ಹೊತ್ತುಹೊತ್ತಿಗೆ ಔಷಧಿ ಕೊಟ್ಟಿದ್ದೇನೆ ಎಂದು ಮಗುವಿನ ತಾಯಿ ಆಣೆ ಮಾಡುತ್ತಿದ್ದಳು. ಸದಾ ಹೊರಗೆ ದುಡಿಯುವ ಆ ಹೆಂಗಸಿನ ಮೇಲೆ ಸಿಸ್ಟರ್‌ಗೆ ಅಷ್ಟೇನೂ ಭರವಸೆಯಿರಲಿಲ್ಲ.

ಎಲ್ಲರ ಬಾಯಲ್ಲಿ 'ಗುಬ್ಬಿ'ಯಾದ ಹುಡುಗಿ ಕಂಬಳಿಯಿಂದ ಕಣ್ಣಷ್ಟೇ ತೋರಿಸಿದಳು.

"ಔಷಧಿ ಕುಡಿದ್ರಾ, ಗುಬ್ಬಿಯವರೇ?"

"ಅಮ್ಮ ಕೊಟ್ಟಳು."

"ಕುಡಿದ್ರಾ ಅಂತ ಕೇಳಿದೆ."

ಗುಬ್ಬಿ ಕಿಟಕಿ ಕಡೆ ನೋಡಿದಳು. "ನೀವು ಅಮ್ಮಂಗೆ ಹೇಳಲ್ಲ ತಾನೆ?"

"ಇಲ್ಲ."

"ಬಾಯಲ್ಲಿ ಇಟ್ಕೊಂಡಿದ್ದು ಗಿಡಕ್ಕೆ ಉಗೀತೀನಿ. ಪಾಪ, ಬಿಸಿಲಿಗೆ ಅದಕ್ಕೂ ಮೈ ಸುಡ್ತಿರುತ್ತೆ." ಆಮೇಲೆ ದನಿ ಇಳಿಸಿದಳು. "ಔಷಧಿ ಕೊಡೋವಾಗ ಅಮ್ಮ ಅಳೋ ಮುಖ ಮಾಡ್ತಾಳೆ. ನೋಡಿದ್ರೆ ಭಯ ಆಗುತ್ತೆ, ಗಂಟಲಲ್ಲಿ ಇಳಿಯಲ್ಲ. ನೀವು ಹಾಗೆ ಮಾಡಲ್ಲ."

ಸಿಸ್ಟರ್ ಥರ್ಮಾಮೀಟರನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು. ಆಮೇಲೆ ಔಷಧಿ ಅಳೆದು ಕೊಟ್ಟಳು. ಗುಬ್ಬಿ ಒಂದೇ ಗುಟುಕಿಗೆ ನುಂಗಿ, ಬಾಯಿ ಅಗಲಿಸಿ ತೋರಿಸಿದಳು. ಚಮಚ ಚಮಚವಾಗಿ ನೀರೂ ಇಳಿಯಿತು. ಸಿಸ್ಟರ್ ಬೇರೆ ಮನೆಗಳಲ್ಲಿ ಅಷ್ಟು ಹೊತ್ತು ಕೂರುವವಳಲ್ಲ. ಇಲ್ಲಿ ಮಗುವಿನ ಹಣೆಯಲ್ಲಿ ಬೆವರು ಮೂಡಿ ಮೈ ತಣ್ಣಗಾಗುವವರೆಗೂ ಏಳಲಿಲ್ಲ.

ಉಸಿರಾಟ ಜೋರಾದರೆ, ನೀರು ಕುಡಿಯದಿದ್ದರೆ, ಎಬ್ಬಿಸಿದರೂ ಏಳದಿದ್ದರೆ ಒಂದು ಗಳಿಗೆಯೂ ಕಾಯಬಾರದು ಎಂದು ಅಜ್ಜಿಗೆ ತಾಕೀತು ಮಾಡಿದಳು. ನಾಳೆ ಮತ್ತೆ ಬಂದು ನೋಡುತ್ತೇನೆ ಎಂದಳು.

"ಇವಳಮ್ಮಂಗೆ ಏನಾದ್ರೂ ಹೇಳಬೇಕಾ ಸಿಸ್ಟರೇ?" ಅಜ್ಜಿಗೆ ಮತ್ತೆ ಕೆಮ್ಮು ಬಂತು.

"ಅಳುಮುಖ ಹೊಸ್ತಿಲಾಚೆ ಬಿಟ್ಟು ಬರೋಕೆ ಹೇಳಿ."

ಸಿಸ್ಟರ್ ಹೊರಬಂದು ಬಾಗಿಲು ಎಳೆದುಕೊಂಡಳು. ಮೆಟ್ಟಿಲ ಮೇಲೆ ನಿಂತಳು. ಮುಂದಿನ ಮನೆಗೆ ಹೋಗಲಿಲ್ಲ.

ಒಳಗಿಂದ ಗುಬ್ಬಿ ಕೂಗಿದಳು: "ಸಿಸ್ಟರ್ ಹೋದ್ರು. ಆ ಬಿಳಿ ಕೋಟು ಬಿಚ್ಚಿಟ್ಟು ಬಾ ಅಮ್ಮಾ, ಇನ್ನು ನೀನು ಅಳಬಹುದು."