ಉಳ್ಳಾಗಡ್ಡಿಯ ನಾತ

ಬೆಳಿಗ್ಗೆ ಎದ್ದು ಅಡುಗೆಮನೆಗೆ ಕಾಲಿಟ್ಟ ಕೂಡಲೇ ಶೇವಂತೆವ್ವನ ಮೂಗಿಗೆ ನಾತ ಬಡಿಯಿತು. ಅರ್ಧ ಅಡುಗೆಮನೆಯ ತುಂಬ ಉಳ್ಳಾಗಡ್ಡಿ ಹರವಿತ್ತು. ಮುಳವಾಡದ ಹೊಲಗಳಿಗೆ ಕಾಲುವೆ ನೀರು ಬಂದ ಮೇಲೆ ಅವರ ಮನೆಯಲ್ಲಿ ಮನುಷ್ಯರಿಗಿಂತ ಉಳ್ಳಾಗಡ್ಡಿಗೇ ಜಾಗ ಹೆಚ್ಚು.

"ಏಳ್ರಿ, ಉಳ್ಳಾಗಡ್ಡಿ ಕೊಳ್ಯಾಕತ್ತಾವ," ಎಂದು ಗಂಡನನ್ನು ಎಬ್ಬಿಸಿದಳು.

ಕಾಳಪ್ಪನ ನಿದ್ದೆ ಹಾರಿಹೋಯಿತು. ಕೊಳೆತದ್ದೊಂದು ಒಳಗೆ ಉಳಿದರೆ ಸುತ್ತಲಿನವೂ ಕೆಡುತ್ತವೆ. ಚಳಿಗೆ ಮುಚ್ಚಿದ ಕಿಟಕಿಯನ್ನೂ ತೆರೆಯದೆ ಗಂಡ ಹೆಂಡತಿ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಗಡ್ಡೆ ಎತ್ತಿ, ಹೆಬ್ಬೆರಳಿನಿಂದ ಒತ್ತಿ ನೋಡಿದರು. ಎಲ್ಲವೂ ಗಟ್ಟಿ. ನಾತ ಮಾತ್ರ ಹೋಗಲೊಲ್ಲದು.

"ಈ ನಾತಕ್ಕ ಬೆಂಕಿ ಬೀಳಲಿ," ಎಂದು ಕಾಳಪ್ಪ ಬೈದ. ಇನ್ನಷ್ಟು ಹೊತ್ತು ಹುಡುಕಿ ಸೊಂಟ ಹಿಡಿದುಕೊಂಡು ಎದ್ದ. "ಈಗ ನಾತ ಅಷ್ಟೇನಿಲ್ಲ ಬಿಡು. ಮೊದಲ ಒಂದೀಟು ಚಾ ಮಾಡು."

ಶೇವಂತೆವ್ವ ಒಲೆಯ ಮೇಲೆ ಪಾತ್ರೆ ಇಟ್ಟು ಲೈಟರ್ ಕೈಗೆತ್ತಿಕೊಂಡಳು. ಹಾಲು ತರಲು ಹೋಗಿದ್ದ ಸೊಸೆ ಪ್ರಿಯದರ್ಶಿನಿ ಆಗಷ್ಟೇ ಹೊಸ್ತಿಲಿಗೆ ಬಂದಿದ್ದಳು.

"ಅತ್ತಿ, ಹಚ್ಚಬ್ಯಾಡ್ರಿ."

ಹಾಲಿನ ಕ್ಯಾನು ಅಲ್ಲೇ ಬಿತ್ತು. ಅವಳು ಓಡಿಬಂದು ಲೈಟರ್ ಕಸಿದುಕೊಂಡಳು, ಸಿಲಿಂಡರ್ ಬಂದ್ ಮಾಡಿದಳು, ಕಿಟಕಿ ತೆರೆದು ಇಬ್ಬರನ್ನೂ ಅಂಗಳಕ್ಕೆ ದಬ್ಬಿಕೊಂಡು ಬಂದಳು. ಆಮೇಲೆ ನೋಡಿದರೆ, ಗ್ಯಾಸಿನ ಪೈಪನ್ನು ಇಲಿ ಕಡಿದಿತ್ತು.

ಶೇವಂತೆವ್ವ ಕಟ್ಟೆಯ ಮೇಲೆ ಕೂತಳು. "ನಾ ಉಳ್ಳಾಗಡ್ಡಿ ನಾತ ಅಂತನ ತಿಳಕೊಂಡಿದ್ದೆ."

"ಹಂಗ ಅನಸ್ತೈತಿ, ಅತ್ತಿ. ಗ್ಯಾಸಿಗೆ ತನ್ನದು ಅಂತ ವಾಸನೀನ ಇಲ್ಲ. ಸೋರಿದ್ದು ಮಂದಿಗೆ ಗೊತ್ತಾಗಲಿ ಅಂತ ಥಯಾಲ್ ಅನ್ನೂ ನಾರೂ ರಸಾಯನಾನ ಬೇಕಂತಲೇ ಕೂಡಿಸ್ತಾರ. ಕೊಳೆತ ಉಳ್ಳಾಗಡ್ಡಿ ನಾತಾನೂ ಅದರ ಬಳಗದ್ದ. ಒಂದು ಸಿಲಿಂಡರಿಗೆ ನಾಕಾರು ಹನಿ ಸಾಕು."

"ಮತ್ತ ಕಡೀಕ ನಾತ ಕಡಿಮಿ ಆಗಿತ್ತಲ್ಲ?" ಎಂದ ಕಾಳಪ್ಪ.

"ನಾತ ಕಡಿಮಿ ಆಗಿರಲಿಲ್ರಿ, ಮಾವ. ಅದರಾಗ ಕುಂತು ಕುಂತು ನಿಮ್ಮ ಮೂಗು ದಣಿದಿತ್ತು."

ಕಾಳಪ್ಪ ತೆರೆದ ಕಿಟಕಿಯತ್ತ ನೋಡಿದ. ನಾಕಾರು ಹನಿ. ಅಷ್ಟರ ಮೇಲೆ ಈ ಮನೆ, ಈ ಹೆಂಡತಿ, ತಾನು, ಎಲ್ಲ ನಿಂತಿತ್ತು. ಅದನ್ನೇ ತಾನು ಬಾಯಿಗೆ ಬಂದಂತೆ ಬೈದಿದ್ದ.

"ಇದನ್ನ ಮೊದಲ ಕೂಡಿಸಿದಾಂವ ಯಾವ ಊರಾಂವ?" ಎಂದು ಕೇಳಿದ.

"ಯಾವ ಊರಾಂವರ ಇರಲಿ," ಎಂದಳು ಶೇವಂತೆವ್ವ. "ಅವನ ಮನಿಯಾಗೂ ಒಲಿ ಮುಂದ ಒಬ್ಬಾಕಿ ಇದ್ದಿರಬೇಕು."